ಲ್ಯಾಪ್‌ಟಾಪಿನ ಚಿತ್ರವೂ ದನಿಯೂ ಟಿ.ವಿ.ಯಲ್ಲಿ: ಮನೆಮಂದಿಗೆಲ್ಲ ಕಾಣುವಂತೆ, ಕೇಳುವಂತೆ



ಊರಿನಿಂದ ಅಪ್ಪ-ಅಮ್ಮ ಬಂದಾಗ ನಮ್ಮಲ್ಲಿ ಹೆಚ್ಚಿನ ಮನೆಗಳ ಕಥೆ ಒಂದೇ. ಮೊದಲ ಹದಿನೈದು ದಿನ ನಯಾಗರ, ದೇವಸ್ಥಾನ, ಸ್ನೇಹಿತರ ಮನೆಯ ಊಟ. ಆಮೇಲೆ ಮಗ-ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಕಾರು ಓಡಿಸಲು ಬಾರದ ಹಿರಿಯರಿಗೆ ಉಳಿದ ತಿಂಗಳುಗಳೆಲ್ಲ ನಾಲ್ಕು ಗೋಡೆಯೇ ಗತಿ. ಆ ಗೋಡೆಯ ಮೇಲೆ 55 ಇಂಚಿನ ಟಿ.ವಿ. ಇರುತ್ತದೆ, ಆದರೆ ಅದರಲ್ಲಿ ಬರುವುದು ಅವರಿಗೆ ಅರ್ಥವಾಗದ ಚಾನೆಲ್ಲುಗಳು. ಅವರಿಗೆ ಬೇಕಾದ ಹಳೆಯ ಕನ್ನಡ ಸಿನಿಮಾ, ಯಕ್ಷಗಾನ, ತಮ್ಮನ ಮಗಳ ಮದುವೆಯ ವಿಡಿಯೊ ಎಲ್ಲ ಇರುವುದು 13 ಇಂಚಿನ ಲ್ಯಾಪ್‌ಟಾಪಿನಲ್ಲಿ. ಪೊರೆ ತೆಗೆಸಿಕೊಂಡ ಕಣ್ಣು, ಸ್ವಲ್ಪ ಮಂದವಾದ ಕಿವಿ. ಆ ಪುಟ್ಟ ಪರದೆಗೆ ಮುಖ ತಾಗಿಸಿಕೊಂಡು ಕೂತಿರುತ್ತಾರೆ. ಕೇಳಿದರೆ "ಇದೇ ಸಾಕಪ್ಪ, ನಮಗೇನು" ಎನ್ನುತ್ತಾರೆ.

ಇನ್ನೊಂದು ಕಾರಣವೂ ಇದೆ. 2020ರ ಮಾರ್ಚ್ 23ರಿಂದ 2022ರ ಮಾರ್ಚ್ 27ರವರೆಗೆ ಭಾರತಕ್ಕೆ ನಿಗದಿತ ಅಂತರರಾಷ್ಟ್ರೀಯ ವಿಮಾನ ಸಂಚಾರ ನಿಂತುಹೋಗಿ, ವಿಶೇಷ ವಿಮಾನಗಳಷ್ಟೇ ಓಡಾಡುತ್ತಿದ್ದವು. ಆ ಎರಡು ವರ್ಷಗಳಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ತಂಗಿಯ ಧಾರೆಯನ್ನೂ, ಹೆತ್ತವರ ಅಂತ್ಯಕ್ರಿಯೆಯನ್ನೂ ಕಂಪ್ಯೂಟರಿನ ಪರದೆಯಲ್ಲೇ ನೋಡಬೇಕಾಯಿತು. ಈಗ ವಿಮಾನಗಳಿವೆ, ಆದರೆ ರಜೆ ಸಿಗದೆ, ವೀಸಾ ಮುದ್ರೆ ಸಿಗದೆ ಹೋಗಲಾಗದವರು ಇಂದಿಗೂ ಇದ್ದಾರೆ. ಅಂಥ ಹೊತ್ತಿನಲ್ಲಿ ಮನೆಯವರೆಲ್ಲ ಸೋಫಾದ ಮೇಲೆ ಕೂತಿರುವಾಗ ಪುರೋಹಿತರ ತುಟಿ ಮಾತ್ರ ಅಲ್ಲಾಡಿ ಮಂತ್ರ ಕೇಳಿಸದಿದ್ದರೆ, "ಸೌಂಡ್ ಬರ್ತಿಲ್ಲ, ಆ ವೈರ್ ತೆಗಿ, ಈ ವೈರ್ ಹಾಕು" ಎನ್ನುವುದರಲ್ಲೇ ಮುಹೂರ್ತ ಮುಗಿದುಹೋಗುತ್ತದೆ. ಮತ್ತೆ ನೋಡುತ್ತೇವೆಂದರೆ ಆಗುವ ಮಾತಲ್ಲ. ಹಾಗಾಗಿ ಬಿಡುವಿನ ಒಂದು ಶನಿವಾರ ಈ ಕೆಲಸವನ್ನು ಮಾಡಿ ನೋಡಿಟ್ಟುಕೊಳ್ಳಿ. ಬಹಳಷ್ಟು ಮನೆಗಳಲ್ಲಿ ಇದಕ್ಕೆ ಬೇಕಾಗುವುದು ಒಂದೇ ಒಂದು ಕೇಬಲ್ಲು.

ಮೊದಲು ಎರಡೂ ಕಡೆಯ ಕಿಂಡಿಗಳನ್ನು ನೋಡಿ

ಅಂಗಡಿಗೆ ಓಡುವ ಮುಂಚೆ ಟಾರ್ಚು ಹಿಡಿದು ಟಿ.ವಿ.ಯ ಬೆನ್ನನ್ನೂ ಲ್ಯಾಪ್‌ಟಾಪಿನ ಎರಡು ಪಕ್ಕಗಳನ್ನೂ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಅಂಗಡಿಯಲ್ಲಿ ತೋರಿಸಲು ಅನುಕೂಲ. ಸಾಮಾನ್ಯವಾಗಿ ಕಾಣಸಿಗುವ ಕಿಂಡಿಗಳು ಇವು:

ಎಚ್‌ಡಿಎಂಐ: ಚಪ್ಪಟೆಯಾಗಿ ಅಗಲವಾಗಿರುತ್ತದೆ, ಕೆಳಗಿನ ಎರಡೂ ಮೂಲೆ ಒಳಕ್ಕೆ ಸವರಿದಂತಿರುತ್ತದೆ. ಚಿತ್ರ, ದನಿ ಎರಡನ್ನೂ ಒಯ್ಯುತ್ತದೆ.

ಡಿಸ್‌ಪ್ಲೇ ಪೋರ್ಟ್: ಎಚ್‌ಡಿಎಂಐ ತರಹವೇ, ಆದರೆ ಒಂದೇ ಮೂಲೆ ಸವರಿರುತ್ತದೆ. ಇದರ ಪುಟ್ಟ ತಮ್ಮ ಮಿನಿ ಡಿಸ್‌ಪ್ಲೇ ಪೋರ್ಟ್. ಎರಡನ್ನೂ ಒಯ್ಯಬಲ್ಲದು.

ಯುಎಸ್‌ಬಿ-ಸಿ: ಈಗಿನ ಮೊಬೈಲ್ ಚಾರ್ಜರಿನ ಸಣ್ಣ ಉದ್ದುರುಟು ಕಿಂಡಿ. ಕೆಲವು ಒಯ್ಯುತ್ತವೆ, ಕೆಲವು ಒಯ್ಯುವುದಿಲ್ಲ. ಇದರ ವಿಚಾರ ಮುಂದೆ ಹೇಳುತ್ತೇನೆ.

ವಿಜಿಎ: ಮೂರು ಸಾಲಿನಲ್ಲಿ ಐದೈದರಂತೆ 15 ತೂತು, ಅಕ್ಕಪಕ್ಕ ತಿರುಪು, ಹೆಚ್ಚಾಗಿ ನೀಲಿ ಬಣ್ಣ. ಚಿತ್ರ ಮಾತ್ರ, ದನಿ ಇಲ್ಲ.

ಡಿವಿಐ: ವಿಜಿಎಗಿಂತ ದೊಡ್ಡದು, ಹೆಚ್ಚಾಗಿ ಬಿಳಿ. ಇದನ್ನೂ ಚಿತ್ರಕ್ಕೆ ಮಾತ್ರ ಅಂದುಕೊಂಡುಬಿಡಿ.

ಕೆಂಪು, ಬಿಳಿ, ಹಳದಿ ದುಂಡು ಕಿಂಡಿಗಳು: ಹಳೆಯ ವಿಸಿಆರ್ ಕಾಲದವು. ಹಳದಿ ಚಿತ್ರಕ್ಕೆ, ಬಿಳಿ ಎಡಗಡೆಯ ದನಿಗೆ, ಕೆಂಪು ಬಲಗಡೆಯ ದನಿಗೆ.

ಹೆಡ್‌ಫೋನ್ ತೂತು: 3.5 ಮಿಲಿಮೀಟರಿನದು. ದನಿಗೆ ಮಾತ್ರ.

ಈ ಪಟ್ಟಿಯಲ್ಲೇ ಅರ್ಧ ಉತ್ತರ ಇದೆ. ನಿಮ್ಮ ದಾರಿ ಚಿತ್ರವನ್ನಷ್ಟೇ ಒಯ್ಯುವಂಥದ್ದಾದರೆ ದನಿಗೆ ಬೇರೆ ವೈರು ಹಾಕಲೇಬೇಕು. ಎಷ್ಟು ಬಟನ್ ಒತ್ತಿದರೂ ಇಲ್ಲದ ದಾರಿಯಲ್ಲಿ ದನಿ ಹೋಗುವುದಿಲ್ಲ.

ಎರಡೂ ಕಡೆ ಎಚ್‌ಡಿಎಂಐ ಇದ್ದರೆ

ನಿಮ್ಮ ಕೆಲಸ ಮುಕ್ಕಾಲು ಮುಗಿದಂತೆ. ಎಚ್‌ಡಿಎಂಐಯ ಮೊದಲ ಆವೃತ್ತಿ ಪ್ರಕಟವಾದದ್ದು 2002ರ ಡಿಸೆಂಬರಿನಲ್ಲಿ. ಚಿತ್ರಕ್ಕೊಂದು, ದನಿಗೆರಡು ಅಂತ ಟಿ.ವಿ.ಯ ಹಿಂದೆ ಶ್ಯಾವಿಗೆಯಂತೆ ಗೋಜಲಾಗುತ್ತಿದ್ದ ವೈರುಗಳನ್ನೆಲ್ಲ ಒಂದೇ ಕೇಬಲ್ಲಿಗೆ ತಂದದ್ದು ಅದರ ಹೆಚ್ಚುಗಾರಿಕೆ. 19 ಪಿನ್ನುಗಳ ಈ ಒಂದೇ ಕೇಬಲ್ಲಿನಲ್ಲಿ ಚಿತ್ರದ ಜೊತೆಗೆ ಎಂಟು ಚಾನೆಲ್ಲಿನವರೆಗಿನ ದನಿ ಹೋಗಬಲ್ಲದು.

ಅಂಗಡಿಯಲ್ಲಿ ಚಿನ್ನದ ಲೇಪ ಅಂತ 80 ಡಾಲರಿನ ಕೇಬಲ್ ತೋರಿಸಿದರೆ ಮರುಳಾಗಬೇಡಿ. ಇದು ಡಿಜಿಟಲ್ ಸಂಕೇತ. ತಲುಪಿದರೆ ಪೂರ್ತಿ ತಲುಪುತ್ತದೆ, ಇಲ್ಲದಿದ್ದರೆ ಚಿತ್ರದಲ್ಲಿ ಕಿಡಿ ಕಿಡಿ ಚುಕ್ಕೆ ಕಾಣುತ್ತದೆ ಅಥವಾ ಪರದೆ ಕಪ್ಪಾಗುತ್ತದೆ. ದುಬಾರಿ ಕೇಬಲ್ಲಿನಿಂದ ಬಣ್ಣ ಹೆಚ್ಚು ಕೆಂಪಾಗುವುದಿಲ್ಲ, ದನಿ ಹೆಚ್ಚು ಇಂಪಾಗುವುದೂ ಇಲ್ಲ. ನೋಡಬೇಕಾದ್ದು ಉದ್ದ ಮತ್ತು ದರ್ಜೆ. ಎರಡು-ಮೂರು ಮೀಟರಿಗೆ ಸಾಧಾರಣ ಕೇಬಲ್ಲು ಧಾರಾಳ ಸಾಕು. ಐದಾರು ಮೀಟರಿಗಿಂತ ಉದ್ದ ಬೇಕು, ಅದೂ 4ಕೆ ಚಿತ್ರ ಬೇಕು ಎಂದರೆ ಪ್ರೀಮಿಯಂ ಹೈಸ್ಪೀಡ್ ಎಂಬ ಪ್ರಮಾಣಪತ್ರದ ಚೀಟಿ ಅಂಟಿಸಿರುವ ಕೇಬಲ್ ಕೊಳ್ಳಿ. ಅದು ಸೆಕೆಂಡಿಗೆ 18 ಗಿಗಾಬಿಟ್ ಒಯ್ಯುತ್ತದೆ. 2013ರಲ್ಲಿ ಬಂದ ಎಚ್‌ಡಿಎಂಐ 2.0ಗೆ ಬೇಕಾದಷ್ಟು. 48 ಗಿಗಾಬಿಟ್ ಒಯ್ಯುವ ಅಲ್ಟ್ರಾ ಹೈಸ್ಪೀಡ್ ಕೇಬಲ್ಲು ಮಕ್ಕಳ ಹೊಸ ಗೇಮಿಂಗ್ ಯಂತ್ರಗಳಿಗೆ. ಸಿನಿಮಾ ನೋಡಲು ಅದು ಬೇಕಿಲ್ಲ.

ಹಳೆಯ ಲ್ಯಾಪ್‌ಟಾಪಿನಲ್ಲಿ ವಿಜಿಎ ಮಾತ್ರ ಇದ್ದರೆ

ಅಟ್ಟದ ಮೇಲಿರುವ ಹಳೆಯ ಲ್ಯಾಪ್‌ಟಾಪನ್ನೇ ಟಿ.ವಿ.ಗೆ ಖಾಯಂ ಕಟ್ಟಿಬಿಡೋಣ ಎಂದು ಬಹಳ ಜನ ಯೋಚಿಸುತ್ತಾರೆ. ಒಳ್ಳೆಯ ಯೋಚನೆಯೇ. ಒಂದೇ ಎಚ್ಚರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಹಳೆಯ ಯಂತ್ರದಲ್ಲಿ ಸಿನಿಮಾ ನೋಡಿ, ಬ್ಯಾಂಕಿನ ವ್ಯವಹಾರ ಮಾಡಬೇಡಿ.

ವಿಜಿಎ ಐಬಿಎಂ ಕಂಪನಿ 1987ರಲ್ಲಿ ತಂದದ್ದು. ನಿಮ್ಮ ಟಿ.ವಿ.ಯೂ ಹಳೆಯದಾಗಿ ಅದರಲ್ಲಿ ವಿಜಿಎ ಕಿಂಡಿ ಇದ್ದರೆ ಎರಡು ವೈರು ಸಾಕು: ಚಿತ್ರಕ್ಕೆ ವಿಜಿಎ ಕೇಬಲ್, ದನಿಗೆ ಎರಡು ತುದಿಯಲ್ಲೂ 3.5 ಮಿಲಿಮೀಟರ್ ಪಿನ್ ಇರುವ ವೈರು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಟಿ.ವಿ.ಯ ವಿಜಿಎ ಪಕ್ಕದಲ್ಲೇ ಇರುವ ಪಿಸಿ ಆಡಿಯೊ ಇನ್ ಎಂಬ ತೂತಿಗೆ ಹಾಕಿ. ಗಮನಿಸಿ, ಟಿ.ವಿ.ಗೂ ಹೆಡ್‌ಫೋನ್ ತೂತು ಇರಬಹುದು. ಅದು ದನಿ ಹೊರಗೆ ಬರುವ ದಾರಿ, ಒಳಗೆ ಹೋಗುವ ದಾರಿಯಲ್ಲ.

ಟಿ.ವಿ. ಹೊಸದಾಗಿದ್ದು ವಿಜಿಎ ಇಲ್ಲದಿದ್ದರೆ ಪರಿವರ್ತಕದ ಸಣ್ಣ ಡಬ್ಬಿ ಬೇಕು. ಬರೀ ಎರಡು ತುದಿಯ ಕೇಬಲ್ಲಿನಿಂದ ಆಗದು, ಏಕೆಂದರೆ ವಿಜಿಎ ಅನಲಾಗ್, ಎಚ್‌ಡಿಎಂಐ ಡಿಜಿಟಲ್. ನಡುವೆ ಒಬ್ಬ ದುಭಾಷಿ ಬೇಕೇ ಬೇಕು. ಕೊಳ್ಳುವಾಗ ಮೂರು ವಿಷಯ ನೋಡಿ. ಡಬ್ಬಿಯ ಮೇಲೆ ವಿಜಿಎಯಿಂದ ಎಚ್‌ಡಿಎಂಐಗೆ ಎಂದು ಇರಬೇಕು, ತಿರುಗುಮುರುಗು ಇದ್ದರೆ ನಿಮ್ಮ ಕೆಲಸಕ್ಕೆ ಬಾರದು. ಅದಕ್ಕೆ ವಿದ್ಯುತ್ ಕೊಡಲು ಯುಎಸ್‌ಬಿ ಬಾಲ ಇರಬೇಕು. ದನಿಗಾಗಿ ಒಂದು 3.5 ಮಿಲಿಮೀಟರ್ ತೂತು ಇರಬೇಕು; ಕೆಲವು ಡಬ್ಬಿಗಳು ಆ ಯುಎಸ್‌ಬಿ ಬಾಲದಿಂದಲೇ ದನಿಯನ್ನೂ ತೆಗೆದುಕೊಳ್ಳುತ್ತವೆ.

ಡಿವಿಐ ಇದ್ದವರಿಗೆ ಇಷ್ಟು ಕಷ್ಟ ಇಲ್ಲ. 1999ರಲ್ಲಿ ಬಂದ ಡಿವಿಐಯ ಡಿಜಿಟಲ್ ಚಿತ್ರ ಸಂಕೇತವೂ ಎಚ್‌ಡಿಎಂಐಯದೂ ಒಂದೇ ಬಗೆಯದು. ಒಂದು ತುದಿ ಡಿವಿಐ, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಸಾದಾ ಕೇಬಲ್ ಸಾಕು. ದನಿಗೆ ಮಾತ್ರ ಮೇಲೆ ಹೇಳಿದಂತೆ ಬೇರೆ ವೈರು. ಟಿ.ವಿ.ಯಲ್ಲಿ ದನಿ ಒಳಗೆ ಹೋಗುವ ತೂತೇ ಇಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ ಬೇರೊಂದು ಜೊತೆ ಸ್ಪೀಕರಿಗೆ ಕೊಟ್ಟು ಅದನ್ನು ಟಿ.ವಿ.ಯ ಕೆಳಗೆ ಇಟ್ಟುಬಿಡಿ.

ಹೊಸ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಮಾತ್ರ ಇದ್ದರೆ

2014ರಲ್ಲಿ ಯುಎಸ್‌ಬಿ-ಸಿ ಬಂದ ಮೇಲೆ ಹೊರಗಿನಿಂದ ಎಲ್ಲ ಕಿಂಡಿಗಳೂ ಒಂದೇ ತರಹ ಕಾಣುತ್ತವೆ. ಬೆಂಗಳೂರಿನ ಮನೆಗಳಲ್ಲಿ ಒಂದು ನಲ್ಲಿಯಲ್ಲಿ ಕಾವೇರಿ ನೀರು, ಪಕ್ಕದ ನಲ್ಲಿಯಲ್ಲಿ ಬೋರ್‌ವೆಲ್ ನೀರು ಬಂದ ಹಾಗೆ ಇದು. ನಲ್ಲಿ ನೋಡಿ ಹೇಳಲಾಗದು, ಒಳಗಿನ ಪೈಪು ಎಲ್ಲಿಂದ ಬಂದಿದೆ ಎನ್ನುವುದು ಮುಖ್ಯ. ಕೆಲವು ಯುಎಸ್‌ಬಿ-ಸಿ ಕಿಂಡಿಗಳು ಚಾರ್ಜಿಗೆ ಮತ್ತು ಫೈಲುಗಳಿಗೆ ಮಾತ್ರ. ಕೆಲವು ಚಿತ್ರ, ದನಿಯನ್ನೂ ಹೊರಗೆ ಕಳಿಸುತ್ತವೆ. ಕಿಂಡಿಯ ಪಕ್ಕ ಸಣ್ಣ ಮಿಂಚಿನ ಬಾಣದ ಗುರುತೋ ಡಿಸ್‌ಪ್ಲೇ ಪೋರ್ಟಿನ ಗುರುತೋ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಗುರುತು ಇಲ್ಲದಿದ್ದರೆ ನಿಮ್ಮ ಮಾಡೆಲ್ಲಿನ ವಿವರಗಳಲ್ಲಿ ಡಿಸ್‌ಪ್ಲೇ ಪೋರ್ಟ್ ಆಲ್ಟ್ ಮೋಡ್ ಅಥವಾ ಥಂಡರ್‌ಬೋಲ್ಟ್ ಎಂಬ ಮಾತು ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ. ಈಗಿನ ಹೆಚ್ಚಿನ ಮ್ಯಾಕ್‌ಬುಕ್‌ಗಳ ಯುಎಸ್‌ಬಿ-ಸಿ ಕಿಂಡಿಗಳಲ್ಲಿ ಚಿತ್ರ ಹೊರಬರುತ್ತದೆ.

ಬೇಕಾದದ್ದು ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್. ಲ್ಯಾಪ್‌ಟಾಪಿಗೆ ಒಂದೇ ಕಿಂಡಿ ಇದ್ದರೆ ಚಾರ್ಜರನ್ನೂ ಜೊತೆಗೇ ಸಿಕ್ಕಿಸಬಹುದಾದ ಅಡಾಪ್ಟರನ್ನೇ ಕೊಳ್ಳಿ. ಇಲ್ಲದಿದ್ದರೆ ಸಿನಿಮಾದ ಕ್ಲೈಮ್ಯಾಕ್ಸಿಗೆ ಸರಿಯಾಗಿ ಬ್ಯಾಟರಿ ಕೈಕೊಡುತ್ತದೆ.

ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐಗೆ ಅಡಾಪ್ಟರ್ ಅಗ್ಗವಾಗಿ ಸಿಗುತ್ತದೆ; ಆದರೆ ಅದು ಒಂದೇ ದಿಕ್ಕಿನದು, ಲ್ಯಾಪ್‌ಟಾಪಿನ ಕಡೆ ಡಿಸ್‌ಪ್ಲೇ ಪೋರ್ಟ್, ಟಿ.ವಿ.ಯ ಕಡೆ ಎಚ್‌ಡಿಎಂಐ. ಹಳೆಯ ಮ್ಯಾಕ್ ಇಟ್ಟುಕೊಂಡವರಿಗೊಂದು ಮಾತು: 2008-09ರ ಮ್ಯಾಕ್‌ಬುಕ್ ಪ್ರೊಗಳ ಮಿನಿ ಡಿಸ್‌ಪ್ಲೇ ಪೋರ್ಟಿನಲ್ಲಿ ದನಿ ಹೋಗುವುದಿಲ್ಲ, 2010ರ ಮಾಡೆಲ್ಲಿನಿಂದ ಹೋಗುತ್ತದೆ.

ಜೋಡಿಸುವ ಕ್ರಮ

1. ಟಿ.ವಿ., ಲ್ಯಾಪ್‌ಟಾಪ್ ಎರಡನ್ನೂ ಆನ್ ಮಾಡಿ, ಕೇಬಲ್ ಸಿಕ್ಕಿಸಿ. ಟಿ.ವಿ.ಯ ಹಿಂದೆ ಯಾವ ಕಿಂಡಿಗೆ ಹಾಕಿದಿರಿ, ಅದರ ಮೇಲೆ 1, 2, 3ರಲ್ಲಿ ಯಾವ ಸಂಖ್ಯೆ ಬರೆದಿದೆ ನೋಡಿಕೊಳ್ಳಿ.

2. ಟಿ.ವಿ. ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಎಂಬ ಬಟನ್ ಒತ್ತಿ ಅದೇ ಸಂಖ್ಯೆಯ ಎಚ್‌ಡಿಎಂಐ ಆರಿಸಿ. "ನೋ ಸಿಗ್ನಲ್" ಎಂದು ಬರುವ ಮನೆಗಳಲ್ಲಿ ಹೆಚ್ಚಿನ ಸಲ ತಪ್ಪಿರುವುದು ಇದೇ ಸಂಖ್ಯೆ.

3. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಗುರುತಿನ ಕೀ ಒತ್ತಿಹಿಡಿದು ಪಿ ಅಕ್ಷರ ಒತ್ತಿ. ನಾಲ್ಕು ಆಯ್ಕೆಗಳು ಬರುತ್ತವೆ: ಲ್ಯಾಪ್‌ಟಾಪಿನಲ್ಲಿ ಮಾತ್ರ, ಎರಡರಲ್ಲೂ ಒಂದೇ ಚಿತ್ರ, ಎರಡನ್ನೂ ಸೇರಿಸಿ ಒಂದು ದೊಡ್ಡ ಮೇಜಿನಂತೆ ಹರಡುವುದು, ಟಿ.ವಿ.ಯಲ್ಲಿ ಮಾತ್ರ. ಮೊದಲ ಪ್ರಯೋಗಕ್ಕೆ ಎರಡನೆಯದು ಸುಲಭ. ಸಿನಿಮಾಕ್ಕೆ ಕೊನೆಯದು ಉತ್ತಮ. ಆಗ ಕಂಪ್ಯೂಟರು ಟಿ.ವಿ.ಯ ಅಳತೆಗೆ ಸರಿಯಾಗಿ ಚಿತ್ರ ಕಳಿಸುತ್ತದೆ.

4. ಮ್ಯಾಕ್‌ನಲ್ಲಿ ಚಿತ್ರ ತಾನಾಗಿಯೇ ಬರುತ್ತದೆ. ಒಂದೇ ಚಿತ್ರ ಬೇಕೋ ಹರಡಬೇಕೋ ಎನ್ನುವುದನ್ನು ಸಿಸ್ಟಂ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ಭಾಗದಲ್ಲಿ ಬದಲಿಸಬಹುದು.

5. 4ಕೆ ಟಿ.ವಿ.ಯಲ್ಲಿ ಅಕ್ಷರಗಳು ಇರುವೆಯಷ್ಟು ಸಣ್ಣದಾಗಿ ಕಂಡರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ ಎಂಬುದನ್ನು ಶೇಕಡಾ 200 ಅಥವಾ 300ಕ್ಕೆ ಏರಿಸಿ.

ಚಿತ್ರ ಬಂತು, ದನಿ ಇಲ್ಲ

ಇದೇ ಎಲ್ಲಕ್ಕಿಂತ ಹೆಚ್ಚು ಜನ ಕೇಳುವ ಪ್ರಶ್ನೆ. ಕಾರಣ ಸರಳ. ಕಂಪ್ಯೂಟರಿನ ಲೆಕ್ಕದಲ್ಲಿ ಚಿತ್ರ ಎಲ್ಲಿಗೆ ಹೋಗಬೇಕು, ದನಿ ಎಲ್ಲಿಗೆ ಹೋಗಬೇಕು ಎನ್ನುವುದು ಬೇರೆ ಬೇರೆ ತೀರ್ಮಾನ. ಟಿ.ವಿ.ಯನ್ನು ಅದು ಒಂದು ಪರದೆಯಾಗಿಯೂ, ಬೇರೆಯಾಗಿ ಒಂದು ಸ್ಪೀಕರಾಗಿಯೂ ಕಾಣುತ್ತದೆ. ಪರದೆಯಾಗಿ ಆರಿಸಿಕೊಂಡು, ದನಿಯನ್ನು ತನ್ನ ಹೊಟ್ಟೆಯ ಸ್ಪೀಕರಿನಲ್ಲೇ ಇಟ್ಟುಕೊಂಡಿರಬಹುದು. ಈ ಕ್ರಮದಲ್ಲಿ ನೋಡುತ್ತ ಬನ್ನಿ.

ಮೊದಲು ಟಿ.ವಿ.ಯ ದನಿ ಮ್ಯೂಟ್ ಆಗಿದೆಯೇ ನೋಡಿ. ಸೌಂಡ್ ಬಾರ್ ಇರುವ ಮನೆಯಲ್ಲಿ ಟಿ.ವಿ.ಯು ದನಿಯನ್ನು ಅದಕ್ಕೆ ಕಳಿಸುತ್ತಿದ್ದು, ಸೌಂಡ್ ಬಾರೇ ಆಫ್ ಆಗಿರಬಹುದು.

ಆಮೇಲೆ ಲ್ಯಾಪ್‌ಟಾಪಿನಲ್ಲಿ ಯಾವುದಾದರೂ ಹಾಡು ಹಾಕಿ. ವಿಂಡೋಸ್ 11ರಲ್ಲಿ ಪರದೆಯ ಬಲಗಡೆ ಕೆಳಗಿರುವ ಸ್ಪೀಕರ್ ಚಿತ್ರ ಒತ್ತಿ, ದನಿಯ ಪಟ್ಟಿಯ ಪಕ್ಕದ ಚಿಹ್ನೆ ಒತ್ತಿದರೆ ಸ್ಪೀಕರುಗಳ ಪಟ್ಟಿ ಬರುತ್ತದೆ. ಅದರಲ್ಲಿ ನಿಮ್ಮ ಟಿ.ವಿ.ಯ ಹೆಸರು ಇರುತ್ತದೆ, ಅದನ್ನು ಆರಿಸಿ. ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ಸೌಂಡ್ ಭಾಗಕ್ಕೆ ಹೋಗಿ ಔಟ್‌ಪುಟ್‌ನಲ್ಲಿ ಟಿ.ವಿ. ಆರಿಸಿ. ಮ್ಯಾಕ್‌ನಿಂದ ಎಚ್‌ಡಿಎಂಐಗೆ ದನಿ ಹೋದಾಗ ಕೀಬೋರ್ಡಿನ ವಾಲ್ಯೂಮ್ ಕೀಗಳು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಟಿ.ವಿ. ರಿಮೋಟಿನಿಂದಲೇ ಏರಿಸಿ ಇಳಿಸಬೇಕು. ಕೆಟ್ಟುಹೋಯಿತೆಂದು ಗಾಬರಿಯಾಗಬೇಡಿ.

ಹಾಡು ಕೇಳುತ್ತದೆ, ಆದರೆ ಜೂಮ್‌ನಲ್ಲಿ ಅತ್ತೆಯ ಮಾತು ಕೇಳುತ್ತಿಲ್ಲ ಎಂದರೆ ಜೂಮ್‌ನ ಒಳಗೇ ಬೇರೆ ಸ್ಪೀಕರ್ ಆರಿಸಿದೆ ಎಂದರ್ಥ. ಇಂಥ ತಂತ್ರಾಂಶಗಳಿಗೆ ತಮ್ಮದೇ ಆಡಿಯೊ ಸೆಟ್ಟಿಂಗ್ಸ್ ಇರುತ್ತದೆ. ಅಲ್ಲಿಯೂ ಟಿ.ವಿ. ಆರಿಸಿ.

ಪಟ್ಟಿಯಲ್ಲಿ ಟಿ.ವಿ.ಯ ಹೆಸರೇ ಇಲ್ಲದಿದ್ದರೆ ಕೇಬಲ್ ಬಿಚ್ಚಿ ಮತ್ತೆ ಹಾಕಿ, ಟಿ.ವಿ.ಯ ಬೇರೆ ಎಚ್‌ಡಿಎಂಐ ಕಿಂಡಿ ಪ್ರಯತ್ನಿಸಿ, ಲ್ಯಾಪ್‌ಟಾಪನ್ನು ಒಮ್ಮೆ ಮುಚ್ಚಿ ಶುರುಮಾಡಿ. ಆಗಲೂ ಇಲ್ಲದಿದ್ದರೆ ನಿಮ್ಮ ನಡುವಿನ ಅಡಾಪ್ಟರೇ ದನಿ ಒಯ್ಯದ ಜಾತಿಯದಿರಬಹುದು.

ಇನ್ನೊಂದು, ಹಿರಿಯರ ಕಿವಿಗೆ ಸಂಬಂಧಿಸಿದ್ದು. ಹಾಡು, ಹೊಡೆದಾಟ ಕಿವಿಗಡಚಿಕ್ಕುತ್ತದೆ, ಆದರೆ ಮಾತು ಮಾತ್ರ ಪಿಸುಗುಟ್ಟಿದಂತೆ ಕೇಳುತ್ತದೆ ಎಂದಾದರೆ, ಸಿನಿಮಾದ ದನಿ 5.1 ಚಾನೆಲ್ಲಿನದು. ಅದರಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆಂದೇ ಮೀಸಲು. ಟಿ.ವಿ.ಯಲ್ಲಿ ಇರುವುದು ಎರಡೇ ಸ್ಪೀಕರಾದ್ದರಿಂದ ಪ್ಲೇಯರಿನ ಆಡಿಯೊ ಮೆನುವಿನಲ್ಲಿ ಸ್ಟೀರಿಯೊ ಆರಿಸಿ. ಬಹಳ ಟಿ.ವಿ.ಗಳಲ್ಲಿ ಮಾತನ್ನು ಎತ್ತಿಹಿಡಿಯುವ ಕ್ಲಿಯರ್ ವಾಯ್ಸ್ ತರಹದ ಆಯ್ಕೆಯೂ ಇರುತ್ತದೆ. ವಾಲ್ಯೂಮ್ ಏರಿಸಿ ಪಕ್ಕದ ಅಪಾರ್ಟ್‌ಮೆಂಟಿನವರು ಬಾಗಿಲು ಬಡಿಯುವಂತೆ ಮಾಡುವುದಕ್ಕಿಂತ ಇದು ಮೇಲು.

ಅಂಚು ಕತ್ತರಿಸಿದೆ, ತುಟಿಗೂ ಮಾತಿಗೂ ತಾಳ ತಪ್ಪಿದೆ

ಹಳೆಯ ಗಾಜಿನ ಟ್ಯೂಬಿನ ಟಿ.ವಿ.ಗಳಲ್ಲಿ ಚಿತ್ರದ ಅಂಚು ಅಂಕುಡೊಂಕಾಗಿರುತ್ತಿದ್ದುದರಿಂದ ಅದನ್ನು ಚೌಕಟ್ಟಿನ ಹಿಂದೆ ಅಡಗಿಸಲು ಚಿತ್ರವನ್ನು ತುಸು ಹಿಗ್ಗಿಸುತ್ತಿದ್ದರು. ಚಪ್ಪಟೆ ಟಿ.ವಿ. ಬಂದರೂ ಕೆಲವು ಆ ಅಭ್ಯಾಸ ಬಿಟ್ಟಿಲ್ಲ. ನಿಮ್ಮ ಪರದೆಯ ನಾಲ್ಕೂ ಅಂಚು ಕಾಣೆಯಾದರೆ ಟಿ.ವಿ.ಯ ಚಿತ್ರದ ಅಳತೆಯ ಮೆನುವಿನಲ್ಲಿ ಸ್ಕ್ರೀನ್ ಫಿಟ್, ಜಸ್ಟ್ ಸ್ಕ್ಯಾನ್, ಫುಲ್ ಪಿಕ್ಸೆಲ್ ಎಂಬಂಥ ಆಯ್ಕೆ ಹುಡುಕಿ. ಕಂಪನಿಗೊಂದು ಹೆಸರು, ಕೆಲಸ ಒಂದೇ. ಕೆಲವು ಟಿ.ವಿ.ಗಳಲ್ಲಿ ಆ ಇನ್‌ಪುಟ್ಟಿಗೆ ಪಿಸಿ ಎಂದು ಹೆಸರಿಟ್ಟರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ.

ಚಿತ್ರ ಟಿ.ವಿ.ಗೆ, ದನಿ ಬೇರೆ ಸ್ಪೀಕರಿಗೆ ಹೋದಾಗ ತಾಳ ತಪ್ಪುತ್ತದೆ. ಟಿ.ವಿ. ಚಿತ್ರವನ್ನು ಚೆಂದಗಾಣಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುವುದರಿಂದ ಮಾತು ಮೊದಲು, ತುಟಿ ಆಮೇಲೆ. ಬ್ಲೂಟೂತ್ ಸ್ಪೀಕರಾದರೆ ಉಲ್ಟಾ, ದನಿಯೇ ತಡ. ಟಿ.ವಿ.ಯನ್ನು ಗೇಮ್ ಮೋಡ್‌ಗೆ ಹಾಕಿದರೆ ಚಿತ್ರದ ತಡ ಕಡಿಮೆಯಾಗುತ್ತದೆ. ವಿಂಡೋಸ್‌ನಲ್ಲಿ ವಿಎಲ್‌ಸಿ ಪ್ಲೇಯರ್ ಬಳಸುವವರು ಕೆ ಅಕ್ಷರ ಒತ್ತಿದರೆ ದನಿ ಪ್ರತಿ ಸಲ 50 ಮಿಲಿಸೆಕೆಂಡ್ ಹಿಂದೆ ಸರಿಯುತ್ತದೆ, ಜೆ ಒತ್ತಿದರೆ ಮುಂದೆ ಬರುತ್ತದೆ.

ಊರಿನಿಂದ ತಂದ ಡಿವಿಡಿಗಳು

ಎಷ್ಟೋ ಮನೆಗಳಲ್ಲಿ ಮದುವೆಯ ಡಿವಿಡಿ, ಕನ್ನಡ ಸಿನಿಮಾ ಡಿವಿಡಿಗಳು ಇಲ್ಲಿನ ಪ್ಲೇಯರಿನಲ್ಲಿ ಓಡದೆ ಕಪಾಟಿನಲ್ಲೇ ಕೂತಿವೆ. ಅದಕ್ಕೆ ಎರಡು ಕಾರಣ. ಭಾರತದ್ದು ಪಾಲ್ ಪದ್ಧತಿ: 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಎರಡನೆಯದು ವಲಯದ ಬೀಗ. ಅಮೆರಿಕ, ಕೆನಡಾ ವಲಯ 1, ಬ್ರಿಟನ್, ಜರ್ಮನಿ, ಕೊಲ್ಲಿ ದೇಶಗಳು 2, ಸಿಂಗಪುರ 3, ಆಸ್ಟ್ರೇಲಿಯಾ 4, ಭಾರತ 5.

ಲ್ಯಾಪ್‌ಟಾಪಿಗೆ ಪಾಲ್, ಎನ್‌ಟಿಎಸ್‌ಸಿ ಜಗಳ ಇಲ್ಲ. ಡಿಸ್ಕಿನಲ್ಲಿ ಇರುವುದನ್ನು ಓದಿ ತಾನೇ ಚಿತ್ರ ಬಿಡಿಸಿ ಟಿ.ವಿ.ಗೆ ಒಪ್ಪುವ ರೀತಿಯಲ್ಲಿ ಕಳಿಸುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಡ್ರೈವ್ ಇರುವುದಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಕಡಿಮೆ ಬೆಲೆಗೆ ಸಿಗುತ್ತದೆ. ವಿಂಡೋಸ್ 8ರಿಂದೀಚೆಗೆ ಡಿವಿಡಿ ಓಡಿಸುವ ಸೌಲಭ್ಯ ಜೊತೆಗೆ ಬರುವುದಿಲ್ಲ. ಉಚಿತವಾದ ವಿಎಲ್‌ಸಿ ಹಾಕಿಕೊಳ್ಳಿ. ಮನೆಯ ಮದುವೆ ವಿಡಿಯೊಗಳಿಗೆ ಸಾಮಾನ್ಯವಾಗಿ ವಲಯದ ಬೀಗ ಇರುವುದಿಲ್ಲ. ಡ್ರೈವಿನ ವಲಯ ಬದಲಿಸುತ್ತೀರಾ ಎಂದು ಕಂಪ್ಯೂಟರು ಕೇಳಿದರೆ ಯೋಚಿಸಿ ಒತ್ತಿ: ಐದು ಸಲ ಮಾತ್ರ ಬದಲಿಸಬಹುದು, ಆಮೇಲೆ ಕೊನೆಯದೇ ಖಾಯಂ. ಡಿಸ್ಕುಗಳು ಕಾಲ ಕಳೆದಂತೆ ಓದಲಾಗದೆ ಹೋಗುವುದುಂಟು. ಓಡುತ್ತಿರುವಾಗಲೇ ಮದುವೆಯ ವಿಡಿಯೊವನ್ನು ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿಟ್ಟುಕೊಳ್ಳಿ.

ಊರಿನವರೊಂದಿಗೆ ವಿಡಿಯೊ ಮಾತುಕತೆ

2003ರಿಂದ ನಮ್ಮೆಲ್ಲರ ಮನೆಮಾತಾಗಿದ್ದ ಸ್ಕೈಪ್ 2025ರ ಮೇ 5ಕ್ಕೆ ನಿಂತಿತು. ಈಗ ವಾಟ್ಸಾಪ್, ಜೂಮ್, ಗೂಗಲ್ ಮೀಟ್. ಯಾವುದಾದರೂ ಸರಿ, ಟಿ.ವಿ.ಯಲ್ಲಿ ಮಾತಾಡುವಾಗ ಮೂರು ವಿಷಯ ಗಮನಿಸಿ.

ಕ್ಯಾಮೆರಾ ಲ್ಯಾಪ್‌ಟಾಪಿನಲ್ಲಿರುತ್ತದೆ, ನೀವು ನೋಡುವುದು ಟಿ.ವಿ.ಯನ್ನು. ಲ್ಯಾಪ್‌ಟಾಪ್ ಪಕ್ಕದ ಮೇಜಿನ ಮೇಲಿದ್ದರೆ ಊರಿನಲ್ಲಿರುವ ಅಜ್ಜಿಗೆ ಕಾಣುವುದು ನಿಮ್ಮ ಕಿವಿ. ಉದ್ದದ ಕೇಬಲ್ ಹಾಕಿ ಲ್ಯಾಪ್‌ಟಾಪನ್ನು ಟಿ.ವಿ.ಯ ಮುಂದೆಯೇ, ಪರದೆಗೆ ಅಡ್ಡವಾಗದಂತೆ ಇಡಿ. ಯುಎಸ್‌ಬಿ ಕ್ಯಾಮೆರಾ ಟಿ.ವಿ.ಯ ತಲೆಯ ಮೇಲೆ ಕೂರಿಸಿದರೆ ಇನ್ನೂ ಚೆನ್ನ.

ಮೈಕು ಕೂಡ ಲ್ಯಾಪ್‌ಟಾಪಿನದೇ. ಟಿ.ವಿ.ಯ ದನಿ ವಿಪರೀತ ಏರಿಸಿದರೆ ಮೈಕು ಅದನ್ನೇ ಎತ್ತಿಕೊಂಡು ಅವರ ಮಾತು ಅವರಿಗೇ ಮಾರುದನಿಯಾಗಿ ಕೇಳುತ್ತದೆ. ದನಿಯನ್ನು ಹದದಲ್ಲಿಡಿ. ಧಾರೆ, ಉಪನಯನ, ಅಂತ್ಯಸಂಸ್ಕಾರದಂಥ ಕಾರ್ಯ ನೋಡುವಾಗ ನಿಮ್ಮ ಮೈಕು ಮ್ಯೂಟ್ ಇರಲಿ.

ಹಿಂದಿನ ದಿನವೇ ಅದೇ ಹೊತ್ತಿಗೆ, ಅದೇ ಜಾಗದಿಂದ ಒಮ್ಮೆ ಕರೆ ಮಾಡಿ ನೋಡಿ. ಅಲ್ಲಿ ಫೋನು ಹಿಡಿಯುವ ಹುಡುಗನಿಗೆ ಅದನ್ನು ಅಡ್ಡ ಹಿಡಿಯಲು ಹೇಳಿ, ಟಿ.ವಿ. ತುಂಬ ಚಿತ್ರ ಬರುತ್ತದೆ. ಓಲಗದವರಿಂದ ಸ್ವಲ್ಪ ದೂರ ನಿಲ್ಲಲೂ ಹೇಳಿ. ಹತ್ತಿರ ನಿಂತರೆ ಮಂತ್ರ ಕೇಳುವುದಿಲ್ಲ.

ವೈರಿಲ್ಲದೆ ಆಗದೇ?

ಆಗುತ್ತದೆ. ವಿಂಡೋಸ್‌ಗೆ 2012ರಲ್ಲಿ ಬಂದ ಮಿರಾಕಾಸ್ಟ್ ಇದೆ; ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಹತ್ತಿರದ ಟಿ.ವಿ.ಗಳ ಪಟ್ಟಿ ಬರುತ್ತದೆ. ಆಪಲ್‌ನವರಿಗೆ 2010ರ ಏರ್‌ಪ್ಲೇ. 2013ರಲ್ಲಿ ಬಂದ ಕ್ರೋಮ್‌ಕಾಸ್ಟ್ ಕಡ್ಡಿಯ ತಯಾರಿಕೆಯನ್ನು ಗೂಗಲ್ 2024ರಲ್ಲಿ ನಿಲ್ಲಿಸಿತು, ಆದರೆ ಅದೇ ಸೌಲಭ್ಯ ಈಗ ಬಹಳ ಟಿ.ವಿ.ಗಳ ಒಳಗೇ ಇದೆ. ಯೂಟ್ಯೂಬ್ ಹಾಡಿಗೆ, ಫೋಟೋಗಳಿಗೆ ಇವು ಚೆನ್ನ. ಆದರೆ ಚಿತ್ರ ತುಸು ತಡವಾಗಿ ಬರುತ್ತದೆ, ವೈಫೈ ಕುಂಟಿದರೆ ನಿಂತುಹೋಗುತ್ತದೆ. ಮತ್ತೆ ಸಿಗದ ಘಳಿಗೆಗೆ ವೈರನ್ನೇ ನಂಬಿ.

ಹಣ ಕೊಟ್ಟು ನೋಡುವ ಸಿನಿಮಾದಲ್ಲಿ ದನಿ ಬಂದು ಚಿತ್ರ ಕಪ್ಪಾಗಿದ್ದರೆ ಅದು ಎಚ್‌ಡಿಸಿಪಿ ಎಂಬ ನಕಲು ತಡೆಯುವ ಬೀಗದ ಕೆಲಸ. ದಾರಿಯಲ್ಲಿ ವಿಜಿಎಯಂಥ ಹಳೆಯ ತುಂಡು ಇದ್ದರೆ ಅದು ಚಿತ್ರ ಬಿಡುವುದಿಲ್ಲ. ನೇರ ಎಚ್‌ಡಿಎಂಐ ಹಾಕಿ.

ಗುಂಯ್ ಎನ್ನುವ ಸದ್ದು

ಹೆಡ್‌ಫೋನ್ ತೂತಿನಿಂದ ದನಿ ಒಯ್ದಾಗ ಕೆಲವೊಮ್ಮೆ ಟಿ.ವಿ. ಜೀರುಂಡೆಯಂತೆ ಗುಂಯ್‌ಗುಡುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಎರಡು ಯಂತ್ರಗಳ ಅರ್ತಿಂಗ್ ನಡುವೆ ಸಣ್ಣ ವಿದ್ಯುತ್ ಸುತ್ತುತ್ತಿದೆ ಎಂದರ್ಥ. ಎರಡನ್ನೂ ಒಂದೇ ಪವರ್ ಸ್ಟ್ರಿಪ್ಪಿಗೆ ಹಾಕಿ, ಅಥವಾ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ತುಂಡನ್ನು ದನಿಯ ವೈರಿನ ನಡುವೆ ಹಾಕಿ. ಚಾರ್ಜರಿನ ಅರ್ತ್ ಪಿನ್ ಮುರಿಯುವ ಉಪಾಯ ಮಾತ್ರ ಯಾರು ಹೇಳಿದರೂ ಮಾಡಬೇಡಿ, ಅದು ಪ್ರಾಣಕ್ಕೆ ಅಪಾಯ.

ಕೊನೆಗೆ, ಹಿರಿಯರಿಗೊಂದು ಚೀಟಿ

ನೀವು ಜೋಡಿಸಿಕೊಟ್ಟರೆ ಅರ್ಧ ಕೆಲಸ. ನೀವು ಆಫೀಸಿನಲ್ಲಿರುವಾಗ ಅವರೇ ಹಾಕಿಕೊಳ್ಳುವಂತಾದರೆ ಪೂರ್ತಿ. ಲ್ಯಾಪ್‌ಟಾಪ್ ತಾನಾಗಿ ಮಲಗದಂತೆ, ಮುಚ್ಚಳ ಮುಚ್ಚಿದರೂ ಓಡುತ್ತಿರುವಂತೆ ಪವರ್ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ. ಆದರೆ ಅದರ ಮೇಲೆ ಬಟ್ಟೆ, ಪುಸ್ತಕ ಇಡಬೇಡಿ, ಬಿಸಿಯಾಗುತ್ತದೆ. ವೈರಿಲ್ಲದ ಒಂದು ಮೌಸ್ ಕೊಡಿ. ಮೌಸ್ ಬಾಣವನ್ನು ಸೆಟ್ಟಿಂಗ್ಸ್‌ನಲ್ಲಿ ದೊಡ್ಡದು ಮಾಡಿ. ಸಿನಿಮಾಗಳನ್ನು ಕನ್ನಡದಲ್ಲೇ ಹೆಸರಿಟ್ಟ ಒಂದು ಫೋಲ್ಡರಿನಲ್ಲಿ ಹಾಕಿ ಮುಖಪುಟದಲ್ಲಿಡಿ. ರಿಮೋಟಿನ ಸೋರ್ಸ್ ಬಟನ್ನಿಗೆ ಹಸಿರು ಸ್ಟಿಕ್ಕರ್ ಅಂಟಿಸಿ. ಆಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಹೀಗೊಂದು ಚೀಟಿ ಬರೆದು ಟಿ.ವಿ.ಯ ಪಕ್ಕ ಅಂಟಿಸಿ:

1. ರಿಮೋಟಿನ ಕೆಂಪು ಬಟನ್ ಒತ್ತಿ. ಟಿ.ವಿ. ಬರುತ್ತದೆ.
2. ಹಸಿರು ಚುಕ್ಕೆಯ ಬಟನ್ ಒತ್ತಿ. ಎಚ್‌ಡಿಎಂಐ 2 ಆರಿಸಿ.
3. ಮೌಸ್ ಅಲ್ಲಾಡಿಸಿ. ಲ್ಯಾಪ್‌ಟಾಪ್ ಎಚ್ಚರವಾಗುತ್ತದೆ.
4. "ಸಿನಿಮಾ" ಫೋಲ್ಡರಿನ ಮೇಲೆ ಎರಡು ಸಲ ಒತ್ತಿ. ಬೇಕಾದ್ದರ ಮೇಲೆ ಮತ್ತೆ ಎರಡು ಸಲ.
5. ದನಿ ಕಡಿಮೆಯಾದರೆ ರಿಮೋಟಿನಲ್ಲೇ ಏರಿಸಿ.
6. ಏನಾದರೂ ತಪ್ಪಿದರೆ ಏನೂ ಕೆಡುವುದಿಲ್ಲ. ಟಿ.ವಿ. ಆರಿಸಿ, ಮತ್ತೆ 1ರಿಂದ ಶುರುಮಾಡಿ.

ಆರನೆಯ ಸಾಲನ್ನು ಬರೆಯಲು ಮರೆಯಬೇಡಿ. ದೊಡ್ಡವರು ಮುಟ್ಟದೆ ಸುಮ್ಮನಿರುವುದು ಹೆಚ್ಚಾಗಿ ತಿಳಿಯದೆ ಅಲ್ಲ, ದುಬಾರಿ ಸಾಮಾನು ಕೆಟ್ಟೀತೆಂಬ ಅಂಜಿಕೆಯಿಂದ. ಒಂದು ದಿನ ಅವರ ಕೈಯಲ್ಲೇ ಮೂರು ಸಲ ಮಾಡಿಸಿ, ನೀವು ಪಕ್ಕದಲ್ಲಿ ಕೈಕಟ್ಟಿ ಕೂತಿರಿ. ಈ ಕೆಲಸಕ್ಕೆ ಮೊಮ್ಮಕ್ಕಳನ್ನು ಹಚ್ಚಿದರೆ ಇನ್ನೂ ಒಳ್ಳೆಯದು. ಚೀಟಿ ಬರೆಯುವ ನೆಪದಲ್ಲಿ ಅವರ ಕನ್ನಡ ಅಕ್ಷರಾಭ್ಯಾಸವೂ ಆಗುತ್ತದೆ, ತಪ್ಪು ತಿದ್ದುವ ಮೇಷ್ಟರು ಮನೆಯಲ್ಲೇ ಇರುತ್ತಾರೆ.

ಜೋಡಿಸುವಾಗ ಎಲ್ಲಾದರೂ ಸಿಕ್ಕಿಕೊಂಡರೆ ನಿಮ್ಮ ಟಿ.ವಿ. ಮತ್ತು ಲ್ಯಾಪ್‌ಟಾಪಿನ ಮಾಡೆಲ್ ಹೆಸರು, ಕಿಂಡಿಗಳ ಫೋಟೋ ಸಹಿತ ಈ ಮಿಂಚಂಚೆಗೇ ಉತ್ತರ ಬರೆಯಿರಿ. ಬಲ್ಲ ಸದಸ್ಯರಲ್ಲಿ ಒಬ್ಬರು ಖಂಡಿತ ಸಹಾಯ ಮಾಡುತ್ತಾರೆ.